ಕರ್ಪೂರದ ವಾಸನೆಯ ಡಬ್ಬಿ

ಕಾಕಾ ಡಬ್ಬಿಯ ಮುಚ್ಚಳವನ್ನು ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡು ಬಚ್ಚಲಿನ ಕಡೆ ನಡೆಯುತ್ತಿದ್ದಾರೆ. ಮುಚ್ಚಳದ ಸಂದಿಯಿಂದ ಹಳದಿಗೆಂಪು ಹೊಗೆ ನೇರವಾಗಿ ಅವರ ಮುಖಕ್ಕೆ ಏಳುತ್ತಿದೆ. ಅವರು ಓಡುತ್ತಿಲ್ಲ. ಕಂಠಮಟ್ಟ ಹಾಲು ತುಂಬಿದ ಪಾತ್ರೆಯನ್ನು ಒಯ್ಯುವವರ ಹಾಗೆ ಹುಷಾರಾಗಿ ಹೆಜ್ಜೆ ಇಡುತ್ತಿದ್ದಾರೆ. ಬಸ್ಸು ಸಿಗ್ನಲ್ಲಿನಲ್ಲಿ ನಿಂತಾಗ, ಕಚೇರಿಯಲ್ಲಿ ಕಾಗದ ತಿರುವುವಾಗ, ಪಕ್ಕದ ಮನೆಯ ಕುಕ್ಕರ್ ಸೀಟಿ ಹಾಕಿದಾಗ ನನಗೆ ಕಾಣುವುದು ಇದೇ. ಪ್ರತಿ ಸಲವೂ ನಾನು ಅವರ ಮನೆಯ ಬೀದಿ ಕಡೆಯ ಗ್ಯಾಲರಿಯಿಂದ ಕೂಗುತ್ತೇನೆ: ‘ಒಗೀರಿ ಕಾಕಾ ಅದನ್ನ, ಕೈ ಬಿಡ್ರಿ!’ ಆ ದಿನ ನಿಜವಾಗಿ ಕೂಗಿದೆನೋ, ಬಾಯಿ ತೆರೆದು ಸುಮ್ಮನೆ ನಿಂತಿದ್ದೆನೋ, ಈಗ ನನಗೇ ಗೊತ್ತಾಗುವುದಿಲ್ಲ.

ಅವರು ನನ್ನ ಸ್ವಂತ ಕಾಕಾ ಅಲ್ಲ. ವಿಜಯಪುರದ ಕಡೆಯ ವ್ಯಾಪಾರಿ ಮನೆತನದವರು. ಪುಣೆಯ ರವಿವಾರ ಪೇಠೆಯಲ್ಲಿ ಟವೆಲ್ಲು, ಬನಿಯನ್ನುಗಳ ಸಗಟು ಅಂಗಡಿ ನಡೆಸಿ, ಈಗ ಅದನ್ನು ಮಗನಿಗೆ ಬಿಟ್ಟುಕೊಟ್ಟು ಮನೆಯಲ್ಲಿದ್ದರು. ನಾನು ಧಾರವಾಡದಲ್ಲಿ ಇತಿಹಾಸ ಓದಿ, ಮದುವೆಯಾಗಿ ಈ ಊರಿಗೆ ಬಂದವಳು. ಶಿವಾಜಿನಗರದಲ್ಲಿ ಕೋರ್ಟಿನ ಹತ್ತಿರ ಒಬ್ಬ ವಕೀಲರ ಕಚೇರಿಯಲ್ಲಿ ಕನ್ನಡದ ಆಸ್ತಿಪತ್ರಗಳನ್ನು ಮರಾಠಿಗೆ ಇಳಿಸುವುದು ನನ್ನ ಕೆಲಸ. ನಮ್ಮಿಬ್ಬರಿಗೆ ಪರಿಚಯ ಮಾಡಿಸಿದ್ದು ಒಂದು ಹಿತ್ತಾಳೆಯ ಬಿಲ್ಲೆ.

ರವಿವಾರದ ಹಳೇ ಬಜಾರಿನಲ್ಲಿ ಬೀಗದ ಕೈ, ನಟ್ಟು, ವಾಷರುಗಳ ರಾಶಿಯೊಳಗೆ ಅದು ಮಿನುಗುತ್ತಿತ್ತು. ನಾನು ಕೈ ಚಾಚುವುದರೊಳಗೆ ಇನ್ನೊಂದು ಕೈ, ಉಗುರಿನಲ್ಲಿ ನಶ್ಯದ ಕಲೆಯಿದ್ದ ಕೈ, ಅದರ ಮೇಲೆ ಬಿತ್ತು.

‘ಅಯ್ಯ, ಸಿಕ್ತು ಅನ್ನೋದ್ರಾಗ ಹೋತಲ್ಲ’ ಎಂದು ಗೊಣಗಿದೆ.

‘ಕನ್ನಡದವ್ರೇನ್ರಿ?’ ಎಂದರು ಆ ಕೈಯವರು. ‘ಹಂಗಾದ್ರ ನೀವ ತಗೋರಿ. ಬ್ಯಾರೆಯವರಾಗಿದ್ರ ಜಗಳಾ ತೆಗೀತಿದ್ದೆ.’ ಬಿಲ್ಲೆಯನ್ನು ನನ್ನ ಅಂಗೈಗೆ ಹಾಕಿ, ಮುಂದುವರಿಸಿದರು: ‘ಆದ್ರ ತಂಗಿ, ಇದೇನು ಅಂತ ಗೊತ್ತಿದ್ರ ಮಾತ್ರ. ಗೊತ್ತಿಲ್ಲದ ತಗೊಂಡು ಹೋಗಿ ಕಿವ್ಯಾಗ ಹಾಕ್ಕೊಳ್ಳೂದಾದ್ರ ವಾಪಸ್ ಕೊಡು.’

ನನಗೆ ಗೊತ್ತಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಚಿಲ್ಲರೆ ನಾಣ್ಯಗಳು ಪೇಟೆಯಿಂದ ಮಾಯವಾಗಿದ್ದವು. ಲೋಹ ಯುದ್ಧಕ್ಕೆ ಬೇಕಾಗಿತ್ತು. ಇದ್ದಷ್ಟನ್ನು ಜನ ಗಡಿಗೆಗಳಲ್ಲಿ ಮುಚ್ಚಿಟ್ಟರು. ಒಂದು ಕಪ್ ಚಹಾ ಕುಡಿದವನಿಗೆ ಹಿಂದಿರುಗಿಸಲು ಹೋಟೆಲಿನವನ ಹತ್ತಿರ ಅರ್ಧ ಆಣೆಯೂ ಇರುತ್ತಿರಲಿಲ್ಲ. ಆಗ ಅಂಗಡಿಯವರು ತಮ್ಮದೇ ಗುರುತು ಹೊಡೆದ ಬಿಲ್ಲೆಗಳನ್ನು ಮಾಡಿಸಿದರು. ತಗಡು, ಹಿತ್ತಾಳೆ, ರಟ್ಟು, ಚರ್ಮ, ಕೈಗೆ ಏನು ಸಿಕ್ಕರೆ ಅದು. ಆ ಬಿಲ್ಲೆ ಆ ಅಂಗಡಿಯಲ್ಲಿ ಮಾತ್ರ ನಡೆಯುತ್ತಿತ್ತು. ನಾಣ್ಯಗಳು ಮರಳಿ ಬಂದ ಮೇಲೆ ಅವುಗಳನ್ನು ಯಾರೂ ಕೇಳಲಿಲ್ಲ. ಮಕ್ಕಳು ಆಡಿದರು, ಹೆಂಗಸರು ಗುಂಡಿ ಮಾಡಿ ಹೊಲಿದರು, ಉಳಿದವು ಗುಜರಿಗೆ ಬಿದ್ದವು. ನಾಣ್ಯ ಸಂಗ್ರಹಿಸುವವರು ಇವನ್ನು ಕಡೆಗಣ್ಣಿನಿಂದಲೂ ನೋಡುವುದಿಲ್ಲ. ರಾಜನ ಮುಖವಿಲ್ಲ, ಸರಕಾರದ ಮಾತಿಲ್ಲ. ನಮಗೆ ಅದೇ ಇಷ್ಟ. ಒಬ್ಬ ಖಾನಾವಳಿಯವನು, ಒಬ್ಬ ಹಾಲಿನವನು ‘ನನ್ನ ಮೇಲೆ ನಂಬಿಕೆ ಇಡು’ ಎಂದು ಹೇಳಿ ಕೈಗಿಟ್ಟ ವಸ್ತು ಅದು.

ಅಂದಿನಿಂದ ಬಜಾರು ಮುಗಿದ ಮೇಲೆ ಅವರ ಮನೆಗೆ ಹೋಗಿ, ಸಿಕ್ಕಿದ್ದನ್ನು ನೆಲದ ಮೇಲೆ ಹರವಿಕೊಂಡು ಕೂರುವುದು ರೂಢಿಯಾಯಿತು. ಅವರ ಹೆಂಡತಿ, ಕಾಕು, ಒಳಗಿನಿಂದ ಅವಲಕ್ಕಿ ತಂದಿಟ್ಟು, ‘ತಿನ್ನೂ ಮುಂದ ಕೈ ತೊಳಕೋರಿ ಇಬ್ರೂ. ಯಾರ್ಯಾರ ಎಂಜಲಾ ಮುಟ್ಟಿದ ಬಿಲ್ಲಿನೋ’ ಎನ್ನುತ್ತಿದ್ದರು.

ಕಾಕಾನದೇ ಒಂದು ಪದ್ಧತಿ ಇತ್ತು. ಲೋಹವಲ್ಲದ ಬಿಲ್ಲೆ ಬಂದರೆ ದಬ್ಬಣದ ಪರೀಕ್ಷೆ. ಮರದ ಹಿಡಿ ಹಾಕಿದ ಒಂದು ದಬ್ಬಣವನ್ನು ಮೇಣಬತ್ತಿಯ ಮೇಲೆ ಕೆಂಪಗೆ ಕಾಯಿಸಿ, ಬಿಲ್ಲೆಯ ಅಂಚಿಗೆ ಒಂದು ಕ್ಷಣ ತಾಗಿಸುವುದು. ಕೂದಲು ಸುಟ್ಟ ವಾಸನೆ ಬಂದರೆ ಕೊಂಬು ಅಥವಾ ಎಲುಬು. ಏನೂ ಆಗದಿದ್ದರೆ ಹಳೇ ಸ್ವಿಚ್ಚುಗಳ ಗಟ್ಟಿ ಬೇಕಲೈಟ್. ಚುರ್ ಎಂದು ಹೊತ್ತಿಕೊಂಡರೆ ಸೆಲ್ಯುಲಾಯ್ಡ್, ಹಳೆಯ ಕಾಲದ ಬಾಚಣಿಗೆ, ಗೊಂಬೆ, ಬಳೆ ಮಾಡುತ್ತಿದ್ದ ಆ ಪ್ಲಾಸ್ಟಿಕ್. ಹಳೇ ವಸ್ತುಗಳ ವ್ಯಾಪಾರಿಗಳೆಲ್ಲ ಮಾಡುವ ಪರೀಕ್ಷೆ ಇದು. ಕಾಕಾ ಇದನ್ನು ಯಾವಾಗಲೂ ಬಚ್ಚಲ ಕಲ್ಲಿನ ಮೇಲೆ, ಒಂದೇ ಒಂದು ಬಿಲ್ಲೆ ಇಟ್ಟು, ಪಕ್ಕದಲ್ಲಿ ನೀರಿನ ತಂಬಿಗೆ ಇಟ್ಟುಕೊಂಡು ಮಾಡುತ್ತಿದ್ದರು. ಯಾವಾಗಲೂ ಎಂದರೆ ಆ ರವಿವಾರದ ತನಕ.

ಆ ಬೇಸಿಗೆಯ ರವಿವಾರ ಘಟ್ಟದಂಚಿನ ಭೋರ್ ಊರಿನ ಕಡೆಯಿಂದ ಹಳೇ ಸಾಮಾನು ತರುವವನೊಬ್ಬ ಬಂದಿದ್ದ. ಅವನು ಚೀಲದಿಂದ ತೆಗೆದದ್ದು ಒಂದು ಬಿಸ್ಕತ್ತಿನ ತಗಡಿನ ಡಬ್ಬಿ. ಅಲ್ಲಿಯ ಒಂದು ಬಳೆಗಾರರ ಹಳೇ ಮನೆ ಕೆಡವುವಾಗ ಅಟ್ಟದ ಮೇಲೆ ಸಿಕ್ಕಿತಂತೆ. ಮುಚ್ಚಳ ತುಕ್ಕು ಹಿಡಿದು ಅಂಟಿಕೊಂಡಿತ್ತು. ಅವನೇ ಚಾಕುವಿನಿಂದ ಮೀಟಿ ಬಿಚ್ಚಿದ. ಗಮ್ಮೆಂದು ಕರ್ಪೂರದ ವಾಸನೆ ಬಂತು.

‘ಕಾಪೂರ ಟಾಕಲಾಯ್, ಬಘಾ’ ಎಂದ ಅವನು. ಕರ್ಪೂರ ಹಾಕಿ ಇಟ್ಟಿದ್ದಾರೆ, ನೋಡಿ ಎಂದು.

ಡಬ್ಬಿಯ ತುಂಬ ಬಿಲ್ಲೆಗಳು. ಕೆನೆಬಣ್ಣ, ನಡುನಡುವೆ ಕಂದು ಗೆರೆ. ಎಲ್ಲದರ ಮೇಲೂ ದುಂಡಗೆ ಒಂದು ಬಳೆಯ ಚಿತ್ರ, ಅದರೊಳಗೆ ಮರಾಠಿಯಲ್ಲಿ ‘ಅರ್ಧಾ ಆಣಾ’. ಇಂಥದ್ದನ್ನು ನಾನಾಗಲಿ ಕಾಕಾ ಆಗಲಿ ಎಲ್ಲಿಯೂ ಕಂಡಿರಲಿಲ್ಲ.

‘ಶಿಂಗಾಚೆ ಆಹೇತ’ ಎಂದ ಅವನು. ಕೊಂಬಿನವು. ಪರೀಕ್ಷೆ ಮಾಡಿ ಸಂಜೆ ಫೋನ್ ಮಾಡಿ ಎಂದು ಡಬ್ಬಿಯನ್ನು ಬಿಟ್ಟುಹೋದ.

ಎಲ್ಲ ಸುಳಿವುಗಳೂ ನಮ್ಮ ಕಣ್ಣೆದುರೇ ಇದ್ದವು ಎಂದು ಈಗ ತಿಳಿಯುತ್ತದೆ. ಕರ್ಪೂರದ ವಾಸನೆ ಡಬ್ಬಿಯಲ್ಲಿಟ್ಟ ಕರ್ಪೂರದ್ದಲ್ಲ. ಸೆಲ್ಯುಲಾಯ್ಡ್ ಮಾಡುವುದೇ ಕರ್ಪೂರ ಬೆರೆಸಿ. ಹಳತಾದಾಗ ಅದು ವಾಸನೆಯಾಗಿ ಹೊರಬರುತ್ತದೆ, ಪ್ಲಾಸ್ಟಿಕ್ ಬೆವರುತ್ತದೆ, ಅದರ ಆಮ್ಲ ತಗಡನ್ನೂ ತಿನ್ನುತ್ತದೆ. ಆದರೆ ಬೆಳ್ಳಿ ಕಪ್ಪಾಗಬಾರದೆಂದು ಕರ್ಪೂರದ ಬಿಲ್ಲೆ ಇಡುವ ಮನೆಗಳಲ್ಲಿ ಬೆಳೆದವರಿಗೆ ಆ ವಾಸನೆ ಜೋಪಾನದ ವಾಸನೆ. ‘ನೋಡು ತಂಗಿ, ಹೆಂಗ ಇಟ್ಟಾರ. ಇವರಿಗೆ ಮಂದಿ ಅನ್ನಬೇಕು’ ಎಂದರು ಕಾಕಾ. ಬಿಲ್ಲೆಗಳು ಕೈಗೆ ಸ್ವಲ್ಪ ಅಂಟುತ್ತಿದ್ದವು, ಬೆವರಿದ ಹಾಗೆ. ಕೊಂಬು ಸೀಳದಿರಲೆಂದು ಎಣ್ಣೆ ಹಚ್ಚಿರಬೇಕು ಎಂದುಕೊಂಡೆವು. ಡಬ್ಬಿಯ ಒಳಮೈ ತುಕ್ಕುಗಟ್ಟಿ ತಿಂದುಹೋಗಿತ್ತು. ಕೊಂಕಣದ ಕಡೆಯ ಮಳೆಗಾಳಿ ಎಂದುಕೊಂಡೆವು. ನಮಗೆ ಅದು ಕೊಂಬು ಆಗಿರಬೇಕಿತ್ತು, ಅಷ್ಟೇ. ಕೊಂಬಿನ ಅಂಗಡಿ ಬಿಲ್ಲೆಯ ಬಗ್ಗೆ ನಾವು ಕೇಳಿದ್ದೆವು, ಕಂಡಿರಲಿಲ್ಲ.

ಕಾಕಾನಿಗೆ ಆ ದಿನ ಮೊಳಕಾಲು ನೋವು. ಅವರು ಪೇಪರ್ ಹಾಸಿ ಕೂತಿದ್ದರು, ತೊಡೆಯ ಮೇಲೆ ಡಬ್ಬಿ, ಮುಂದೆ ಸ್ಟೀಲ್ ಬಟ್ಟಲಲ್ಲಿ ಮೇಣಬತ್ತಿ.

‘ಬಚ್ಚಲಕ್ಕ ಬರ್ತೀರೇನು?’ ಎಂದೆ.

‘ಯಾರ್ ಏಳ್ತಾರ ಈಗ? ಇಲ್ಲೇ ಒಂದ್ ಚುಚ್ಚಿ ನೋಡೂಣು.’

ನಾನು ಒಂದು ಬಿಲ್ಲೆ ತೆಗೆದುಕೊಂಡು ಗ್ಯಾಲರಿಗೆ ಹೋದೆ. ಬಳೆಯ ಚಿತ್ರದ ಕೆಳಗೆ ಇನ್ನೂ ಏನೋ ಸಣ್ಣ ಅಕ್ಷರ ಇದ್ದ ಹಾಗಿತ್ತು. ಬಿಸಿಲಿನಲ್ಲಿ ಭೂತಗನ್ನಡಿ ಹಿಡಿದು ನೋಡಬೇಕಿತ್ತು. ನಾನು ಬದುಕಿ ಉಳಿದದ್ದಕ್ಕೆ ಕಾರಣ ಇಷ್ಟೇ, ಆ ಸಣ್ಣ ಅಕ್ಷರ.

ಭುಸ್ ಎಂದು ಸದ್ದಾಯಿತು, ಗ್ಯಾಸ್ ಒಲೆ ತಡವಾಗಿ ಹೊತ್ತಿದಾಗ ಆಗುವ ಹಾಗೆ. ತಿರುಗಿ ನೋಡಿದರೆ ಕಾಕಾನ ಮುಖದೆತ್ತರಕ್ಕೆ ಬೆಳ್ಳಗಿನ ಬೆಂಕಿ. ದಬ್ಬಣ ಸೋಕಿದ ಬಿಲ್ಲೆ ಹೊತ್ತಿಕೊಂಡು ತೊಡೆಯ ಮೇಲಿನ ಡಬ್ಬಿಗೆ ಬಿದ್ದಿರಬೇಕು. ಅವರು ಪಕ್ಕದಲ್ಲಿದ್ದ ಮುಚ್ಚಳವನ್ನು ತೆಗೆದು ಡಬ್ಬಿಯ ಮೇಲೆ ಒತ್ತಿದರು. ಎಣ್ಣೆ ಬಾಣಲೆಗೆ ಬೆಂಕಿ ಹತ್ತಿದರೆ ತಟ್ಟೆ ಮುಚ್ಚುತ್ತೇವಲ್ಲ, ಹಾಗೆ. ಗಾಳಿ ಸಿಗದೆ ಬೆಂಕಿ ಸಾಯುತ್ತದೆ, ಕೆಳಗಿನ ಬಿಲ್ಲೆಗಳು ಉಳಿಯುತ್ತವೆ. ಅವರು ಉಳಿಸಲು ಹೊರಟದ್ದು ಅವುಗಳನ್ನು. ಬೆಂಕಿ ಕಾಣದಾಯಿತು. ಒಳಗೆ ಮಾತ್ರ ಅದು ಸಾಯಲಿಲ್ಲ. ಸೆಲ್ಯುಲಾಯ್ಡಿಗೆ ಹೊರಗಿನ ಗಾಳಿ ಬೇಕಾಗುವುದಿಲ್ಲ, ಉರಿಯಲು ಬೇಕಾದ್ದನ್ನೆಲ್ಲ ಅದು ತನ್ನೊಳಗೇ ಇಟ್ಟುಕೊಂಡಿರುತ್ತದೆ ಎಂಬುದನ್ನು ನಾನು ಆಮೇಲೆ ತಿಳಿದುಕೊಂಡೆ. ಡಬ್ಬಿ ಹಾವಿನಂತೆ ಬುಸುಗುಟ್ಟತೊಡಗಿತು. ಸಂದಿಯಿಂದ ಹಳದಿಗೆಂಪು ಹೊಗೆ. ಮೊಳಕಾಲು ನೋವಿನ ಮನುಷ್ಯ ಹೇಗೆ ಎದ್ದು ನಿಂತರೋ. ಡಬ್ಬಿ ಎದೆಯ ಹತ್ತಿರ, ಮುಖ ಅದರ ಮೇಲೆ ಬಾಗಿ. ಕೋಣೆ ದಾಟಿ, ದೇವರ ಗೂಡಿನ ಮುಂದೆ ಹಾದು, ಬಚ್ಚಲಿಗೆ. ಅಲ್ಲಿ ಬಕೆಟ್ಟಿನ ನೀರಿಗೆ ಡಬ್ಬಿಯನ್ನು ಅದ್ದಿದರು. ಚುಂಯ್ ಎಂದು ಎಲ್ಲ ಮುಗಿಯಿತು.

ಅಂದರೆ ಮುಗಿಯಿತು ಎಂದುಕೊಂಡೆವು.

ಅಡಿಗೆಮನೆಯಿಂದ ಕಾಕು ಬಂದರು. ‘ಕರ್ಪೂರದ ವಾಸನಿ ಬಂತು, ಇವತ್ತೇನು ಸೂರ್ಯ ಪಶ್ಚಿಮಕ್ಕ ಹುಟ್ಯಾನ, ಇವರು ದೇವರ ಮುಂದ ಕುಂತಾರ ಅಂತ ನಾ ನಕ್ಕೋತ...’ ಎನ್ನುತ್ತಿದ್ದವರು ಗಂಡನ ಕೈ ನೋಡಿ ಅಲ್ಲೇ ನಿಂತರು. ಅಂಗೈ ಸುಟ್ಟಿತ್ತು. ಹುಬ್ಬು ಕರಕಲಾಗಿತ್ತು. ಪರದೆಯ ಅಂಚು ಕಪ್ಪಾಗಿತ್ತು. ಅಷ್ಟೇ ನಷ್ಟ. ಕಿಟಕಿ ತೆರೆದೆವು. ಅಕ್ಕಪಕ್ಕದವರು ಬಂದು ನೋಡಿ ಹೋದರು. ಓಣಿಯ ಡಾಕ್ಟರು ಮುಲಾಮು ಹಚ್ಚಿ, ಪಟ್ಟಿ ಕಟ್ಟಿ, ‘ವಾಚಲಾತ ಕಾಕಾ’ ಎಂದರು. ಬದುಕಿದಿರಿ ಎಂದು.

ಸಂಜೆ ಕಾಕಾ ಮಂಚದ ಮೇಲೆ ದಿಂಬಿಗೆ ಒರಗಿ, ಕಾಕು ಬಸಿಯಲ್ಲಿ ಹಿಡಿದ ಚಹಾವನ್ನು ಸೊರ್ ಎಂದು ಹೀರುತ್ತಿದ್ದರು. ಭೋರಿನವನ ಫೋನ್ ಬಂತು. ನಾನೇ ಅವರ ಕಿವಿಗೆ ಹಿಡಿದೆ.

‘ಕಾಯ ಠರಲಂ ಕಾಕಾ? ಶಿಂಗ ಆಹೇ ನಾ?’ ಏನು ಗೊತ್ತಾಯಿತು, ಕೊಂಬೇ ತಾನೆ ಎಂದು.

‘ಶಿಂಗ ನಾಹೀ ರೇ ಬಾಬಾ, ಬಾಂಬ್ ಹೋತಾ ಬಾಂಬ್!’

ಕೊಂಬಲ್ಲಪ್ಪಾ, ಬಾಂಬು ಅದು. ಅವರ ನಗೆಗೆ ಕಾಕುವೂ ನಕ್ಕರು, ನಾನೂ ನಕ್ಕೆ. ನಗುವಿನ ಕೊನೆಗೆ ಕಾಕಾ ಸ್ವಲ್ಪ ಕೆಮ್ಮಿದರು. ಹೊಗೆ ಕುಡಿದವರು ಕೆಮ್ಮದೆ ಇರುತ್ತಾರೆಯೇ? ‘ಬೆಲ್ಲ ತಿನ್ರಿ’ ಎಂದು ಹೇಳಿ ನಾನು ಆಟೋ ಹಿಡಿದು ಮನೆಗೆ ಬಂದೆ. ಗಂಡನಿಗೆ ಈ ಕತೆಯನ್ನು ತಮಾಷೆಯಾಗಿ ಹೇಳಿದೆ. ಬೆಂಕಿಗಿಂತ, ಹೊಗೆಗಿಂತ, ಈಗ ನನಗೆ ಹೆಚ್ಚು ಭಯ ಹುಟ್ಟಿಸುವುದು ಆ ಸಂಜೆಯ ನೆಮ್ಮದಿ. ನಾವು ಮೂವರೂ ನಗುತ್ತಿದ್ದಾಗ ಆ ಹೊಗೆ ಅವರ ಎದೆಯೊಳಗೆ ತನ್ನ ಕೆಲಸ ಮಾಡುತ್ತಿತ್ತು.

ಬೆಳಿಗ್ಗೆ ಕಾಕುವಿನ ಫೋನ್. ‘ಲಗೂ ಬಾರವಾ. ಇವರಿಗೆ ಉಸರ ಆಡವಲ್ದು. ಬಾಯಾಗ ನೊರಿ ಬರಾಕತ್ತದ.’

ನಾನು ಆಸ್ಪತ್ರೆಗೆ ಹೋಗುವ ಹೊತ್ತಿಗೆ ಅವರನ್ನು ಒಳಗೆ ಕರೆದುಕೊಂಡು ಹೋಗಿದ್ದರು. ಗಾಜಿನ ಬಾಗಿಲಿನಿಂದ ಕಂಡದ್ದು ಪಟ್ಟಿ ಕಟ್ಟಿದ ಎರಡು ಕೈ, ಮುಖದ ಮೇಲೆ ಮಾಸ್ಕು, ಕೊಳದಿಂದ ದಂಡೆಗೆ ಹಾಕಿದ ಮೀನಿನ ಎದೆಯ ಹಾಗೆ ಏರಿ ಇಳಿಯುವ ಎದೆ. ಒಬ್ಬ ಹುಡುಗಿ ಡಾಕ್ಟರು ಹೊರಗೆ ಬಂದು ಮರಾಠಿಯಲ್ಲಿ ಕೇಳಿದರು: ‘ಏನು ಸುಟ್ಟದ್ದು? ಸರಿಯಾಗಿ ಹೇಳಿ.’

‘ಕಾಪೂರ’ ಎಂದರು ಕಾಕು. ಬಂದಾಗಿನಿಂದ ಅದನ್ನೇ ಹೇಳುತ್ತಿದ್ದರಂತೆ. ಅವರು ಮೂಸಿದ್ದು ಕರ್ಪೂರ. ಅವರ ಪಾಲಿಗೆ ಸುಟ್ಟದ್ದೂ ಕರ್ಪೂರವೇ. ‘ದೇವರ ಮುಂದ ಹಚ್ಚೂ ಕರ್ಪೂರದಿಂದ ಮನುಷ್ಯಾ ಹಿಂಗಾಗ್ತಾನೇನು?’ ಎಂದು ನನ್ನನ್ನು ಕೇಳಿದರು.

ನಾನು ಡಾಕ್ಟರಿಗೆ ಹೇಳಿದೆ: ಕರ್ಪೂರವಲ್ಲ, ಸೆಲ್ಯುಲಾಯ್ಡ್, ಒಂದು ಡಬ್ಬಿ ತುಂಬ, ಹಳೆಯದು, ಹೊಗೆ ಹಳದಿಗೆಂಪು ಇತ್ತು, ಅವರು ಅದರ ಮೇಲೆ ಬಾಗಿ ನಡೆದರು. ‘ಹಳದಿಗೆಂಪು’ ಎಂದಾಗ ಆ ಹುಡುಗಿ ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಒಳಗೆ ಹೋಗಿ ಹಿರಿಯ ಡಾಕ್ಟರನ್ನು ಕರೆತಂದಳು. ಆ ಹೊಗೆ ಒಳಹೊಕ್ಕಾಗ ಅಷ್ಟಾಗಿ ಏನೂ ಅನ್ನಿಸುವುದಿಲ್ಲ, ಶ್ವಾಸಕೋಶದ ತೇವಕ್ಕೆ ಸೇರಿ ಆಮ್ಲವಾಗುತ್ತದೆ, ಗಂಟೆಗಳು ಕಳೆದ ಮೇಲೆ ಒಳಗೆ ನೀರು ತುಂಬಿಕೊಳ್ಳುತ್ತದೆ ಎಂದು ಅವರು ವಿವರಿಸಿದರು. ‘ನೀವೂ ಅಲ್ಲಿದ್ದಿರಾ?’ ಎಂದು ನನ್ನ ಬೆರಳಿಗೆ ಕ್ಲಿಪ್ಪು ಹಾಕಿ ನೋಡಿದರು. ನನಗೇನೂ ಆಗಿರಲಿಲ್ಲ. ಕಾಕು ಆ ಕ್ಲಿಪ್ಪನ್ನೇ ನೋಡುತ್ತಿದ್ದರು. ಅವರ ನೋಟದಲ್ಲಿ ಸಿಟ್ಟು ಇರಲಿಲ್ಲ. ಆದರೂ ನಾನು ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.

ಚಿಲ್ಲರೆಗೆಂದು ಪರ್ಸು ತೆರೆದಾಗ ಅದು ಕಂಡಿತು. ಗ್ಯಾಲರಿಗೆ ಒಯ್ದಿದ್ದ ಬಿಲ್ಲೆ. ಗಲಾಟೆಯಲ್ಲಿ ಯಾವಾಗ ಪರ್ಸಿಗೆ ಹಾಕಿಕೊಂಡಿದ್ದೆನೋ. ಹಿಂದಿನ ಸಂಜೆಯಿಂದ ಅದು ಪರ್ಸಿನೊಳಗೇ ನನ್ನ ಅಡಿಗೆಮನೆಯ ಗೂಟಕ್ಕೆ, ಗ್ಯಾಸ್ ಒಲೆಯಿಂದ ಒಂದು ಮಾರು ದೂರದಲ್ಲಿ ನೇತಾಡಿತ್ತು. ಆಸ್ಪತ್ರೆಯ ಕಾರಿಡಾರಿನಲ್ಲಿ, ತಲೆಯ ಮೇಲೆ ‘ಆಕ್ಸಿಜನ್’ ಎಂಬ ಫಲಕದ ಕೆಳಗೆ, ನಾನು ಅದನ್ನು ಅಂಗೈಯಲ್ಲಿ ಹಿಡಿದು ನಿಂತೆ. ಮೆಟ್ಟಿಲಿಳಿದು ಓಡಿ ಹೊರಗೆ ಬಂದೆ. ಬೇವಿನ ಮರದ ಕೆಳಗೆ ನಿಂತು ಎರಡೂ ಮೈಯ ಫೋಟೋ ತೆಗೆದೆ. ಸಂಗ್ರಹಕಾರರ ಕೈ ಅದನ್ನು ಬಿಡಲಿಲ್ಲ, ಏನು ಮಾಡಲಿ. ಆಮೇಲೆ ಚಹಾದವನ ಹತ್ತಿರ ಒಂದು ಖಾಲಿ ಬಾಟಲಿ ಬೇಡಿ, ನೀರು ತುಂಬಿ, ಬಿಲ್ಲೆಯನ್ನು ಒಳಗೆ ಬಿಟ್ಟೆ. ನಮ್ಮಲ್ಲಿ ಬಿಲ್ಲೆಗೆ ನೀರು ಸೋಕಿಸುವುದೆಂದರೆ ಪುಸ್ತಕವನ್ನು ಒಲೆಗೆ ಹಾಕಿದ ಹಾಗೆ.

ಕಾಕಾ ಬದುಕಿದರು. ಮನೆಗೂ ಬಂದರು. ಗ್ಯಾಲರಿಯ ತನಕ ನಡೆದು, ಕೆಳಗಿನ ತರಕಾರಿಯವನನ್ನು ಬೈದರು. ಎಲ್ಲ ಸರಿಹೋಯಿತು ಎಂದುಕೊಳ್ಳುವಷ್ಟರಲ್ಲಿ ಮತ್ತೆ ಉಸಿರು ಗಿಡ್ಡವಾಗತೊಡಗಿತು. ಸುಟ್ಟ ಶ್ವಾಸನಾಳಗಳು ಮಾಯುವಾಗ ಕಲೆಗಟ್ಟಿ ಮುಚ್ಚಿಕೊಂಡಿವೆ ಎಂದರು ಡಾಕ್ಟರು. ಇದಕ್ಕೆ ಮದ್ದು ಹೆಚ್ಚಿಲ್ಲ. ಮನೆಯಲ್ಲೇ ಆಕ್ಸಿಜನ್ ಯಂತ್ರ ಇಡಬೇಕು, ಹತ್ತಿರದಲ್ಲಿ ಎಲ್ಲಿಯೂ ಬೆಂಕಿ ಕೂಡದು.

ಯಂತ್ರ ಬರುವ ಮುಂಚೆ ಕಾಕು ನನ್ನನ್ನು ಕರೆಸಿಕೊಂಡರು. ಕಪಾಟಿನ ಕೀಲಿ ಕೈಗಿಟ್ಟು, ‘ಇದರಾಗ ಇನ್ನೂ ಅಂಥಾವು ಅವ ಏನು?’ ಎಂದರು. ದಬ್ಬಣ ಹಚ್ಚುವಂತಿರಲಿಲ್ಲ. ಉಳಿದದ್ದು ಮೂಗು. ಇಬ್ಬರೂ ನೆಲಕ್ಕೆ ಕೂತು, ಲೋಹವಲ್ಲದ ಒಂದೊಂದೇ ಬಿಲ್ಲೆಯನ್ನು ಅಂಗೈಯಲ್ಲಿ ತಿಕ್ಕಿ ಮೂಸಿದೆವು. ಬಿಲ್ಲೆಗಳನ್ನು ಎಂದೂ ಮುಟ್ಟದ ಕಾಕು ನನಗಿಂತ ಬೇಗ ಕಲಿತರು. ‘ಇದು... ಇಲ್ಲ. ಇದು ಬರೇ ರಟ್ಟು. ಇದು ಹೌದವಾ. ಇದು ಹೌದು.’ ಹೌದು ಎಂದವನ್ನು ಬಕೆಟ್ಟಿಗೆ ಹಾಕಿದೆವು. ಮಂಚದ ಮೇಲಿನಿಂದ ಕಾಕಾ ನೋಡುತ್ತಿದ್ದರು. ನೀರಿಗೆ ಬಿದ್ದ ಪ್ರತಿಯೊಂದಕ್ಕೂ ಒಮ್ಮೆ ಕಣ್ಣು ಮುಚ್ಚಿ ತೆರೆದರು.

ಕಳೆದ ರವಿವಾರ ಹೋಗಿದ್ದೆ. ಯಂತ್ರ ಒಂದೇ ಸಮ ಗುಂಯ್ ಎನ್ನುತ್ತಿತ್ತು. ಕಾಕಾ ಮೂಗಿನ ನಳಿಕೆ ಸರಿಮಾಡಿಕೊಂಡು ಕೇಳಿದರು. ಈಗ ಅವರ ಮಾತು ಮೂರು ನಾಲ್ಕು ಶಬ್ದಕ್ಕೊಮ್ಮೆ ನಿಲ್ಲುತ್ತದೆ.

‘ಆ ಒಂದು ಬಿಲ್ಲಿ... ನಿನ್ನ ಕಡೆ ಅದ ಏನು?’

‘ಅದ ಕಾಕಾ. ನಮ್ಮ ಗ್ಯಾಲರ್ಯಾಗ, ನೆರಳಾಗ.’

‘ತರಬೇಕಿತ್ತು.’

‘ಈ ಮನಿಗೆ ತರಂಗಿಲ್ಲ.’

‘ಎದರಾಗ ಇಟ್ಟೀ?’

‘ನೀರಾಗ.’

ಅವರು ನನ್ನನ್ನು ದಿಟ್ಟಿಸಿ ನೋಡಿದರು. ‘ನೀರಾಗ! ಜಗತ್ತಿನ್ಯಾಗ... ಒಂದ ಉಳದಿತ್ತು. ನೀರಾಗ ಹಾಕಿದಿ? ಹೊಗಿ ನನ್ನ... ಅರ್ಧಾ ಕೊಂದಿತ್ತು. ಉಳಿದರ್ಧಾ... ನೀ ಮುಗಿಸಿದಿ.’

‘ಬೈರಿ. ಬೈದ್ರ ಬೈಸ್ಕೋತೀನಿ. ಫೋಟೋ ಅದ, ನೋಡ್ರಿ.’

ಫೋನ್ ಕೈಗೆ ಕೊಟ್ಟೆ. ಸುಟ್ಟು ಮಾಯ್ದ ಅಂಗೈ ಬಿಳಿಚಿ, ಬಿಗಿದುಕೊಂಡಿತ್ತು. ಬೆರಳುಗಳು ಪೂರ್ತಿ ಚಾಚುತ್ತಿರಲಿಲ್ಲ. ಆ ಬೆರಳುಗಳಿಂದಲೇ ಚಿತ್ರವನ್ನು ಹಿಗ್ಗಿಸಿ, ಬಳೆಯ ಕೆಳಗಿನ ಸಣ್ಣ ಅಕ್ಷರದ ಹತ್ತಿರ ತಂದರು.

‘ಏನಂತ ಅದ ಇಲ್ಲಿ?’

‘ನಮ್ಮ ಅಂಗಡಿಯಲ್ಲಿ ಮಾತ್ರ ನಡೆಯುತ್ತದೆ ಅಂತ ಅದ.’

‘ಹಾಂ’ ಎಂದರು. ಬಹಳ ಹೊತ್ತು ನೋಡಿದರು. ‘ಆದ್ರೂ... ಕೊಂಬು ಕಂಡಂಗ ಕಾಣಸ್ತದ ನೋಡು’ ಎಂದು ನಕ್ಕರು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲಿಲ್ಲ. ಕಾಕು ಓಡಿಬಂದು ಬೆನ್ನಿಗೆ ಕೈ ಕೊಟ್ಟು ಎಬ್ಬಿಸಿ ಕೂರಿಸಿದರು. ನಾನು ಅವರ ಎದೆಯನ್ನೇ ನೋಡುತ್ತಾ, ಮುಂದಿನ ಉಸಿರು ಬರುವ ತನಕ ನನ್ನದನ್ನು ಹಿಡಿದುಕೊಂಡಿದ್ದೆ. ಬಂತು. ಆಮೇಲೆ ಇನ್ನೊಂದು.

ದೀಪದ ಹೊತ್ತಾಗಿತ್ತು. ಆ ಮನೆಯಲ್ಲಿ ಈಗ ದೀಪವಿಲ್ಲ. ಕಾಕು ದೇವರ ಗೂಡಿನ ಮುಂದೆ ನಿಂತು, ಹಿತ್ತಾಳೆಯ ಆರತಿಯಲ್ಲಿ ಒಂದು ಕರ್ಪೂರ ಇಟ್ಟು, ಹಚ್ಚದೆಯೇ ಎತ್ತಿ ಬೆಳಗಿದರು. ಗಂಟೆ ಬಾರಿಸಿದರು. ಎಂದಿನಂತೆ ತಟ್ಟೆಯನ್ನು ನನ್ನ ಮುಂದೆ ತಂದರು. ನಾನು ಎಂದಿನಂತೆ ಎರಡೂ ಅಂಗೈಗಳನ್ನು ಅದರ ಮೇಲೆ ಹಿಡಿದು ಕಣ್ಣಿಗೆ ಒತ್ತಿಕೊಂಡೆ. ಅಂಗೈ ತಣ್ಣಗಿತ್ತು. ತಟ್ಟೆ ಮಂಚದ ಹತ್ತಿರ ಹೋದಾಗ ಕಾಕಾ ಆ ವಾಸನೆಗೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ಕಾಕು ತಟ್ಟೆಯನ್ನು ಸೆರಗಿನಿಂದ ಮುಚ್ಚಿಕೊಂಡು ಒಳಗೆ ಒಯ್ದರು.